ರೈಟರ ಮನೆಯ ಹನ್ನೊಂದು ನೋಟ್‌ಬುಕ್ಕುಗಳು: ಒಂದು ಪ್ರಕರಣ ಅಧ್ಯಯನ

ಕೊಡಗಿನ ಕಾಫಿ ತೋಟಗಳಲ್ಲಿ ರೈಟರು ಅಂದರೆ ಸಾಹಿತಿ ಅಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು ಚೆಕ್‌ರೋಲ್ ಬರೆಯುವವರು, ವಾರದ ಬಟವಾಡೆ ಲೆಕ್ಕ ಹಾಕುವವರು, ಮಳೆಮಾಪಕದ ನೀರು ಅಳೆದು ರಿಜಿಸ್ಟರಿಗೆ ಏರಿಸುವವರು. ಈ ಪ್ರಕರಣದ ಅಜ್ಜಿ ಅಂಥ ಒಬ್ಬ ರೈಟರ ಹೆಂಡತಿ. ಮಡಿಕೇರಿ ತಾಲ್ಲೂಕಿನವರು, ಮನೆಮಾತು ಕೊಡವ ತಕ್ಕ್, ಅಂದರೆ ಕೊಡವರ ಭಾಷೆ, ಓದಿದ್ದು ಕನ್ನಡ ಶಾಲೆಯಲ್ಲಿ. ಹುಟ್ಟಿದ್ದು 1941ರ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಕೊಡವ ಮಾಸದಲ್ಲಿ. ಶಾಲೆಯ ದಾಖಲೆಯಲ್ಲಿ ಮಾತ್ರ ಜೂನ್ 1, ಆ ಕಾಲದ ಅರ್ಧ ಊರಿನ ಹಾಗೆ. ಬರೆಯುವ ಕೆಲಸ ಗಂಡನದು ಎಂದೇ ಎಲ್ಲರೂ ತಿಳಿದಿದ್ದರು. 1963ರಿಂದ ಅಜ್ಜಿಯೂ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಒಂದು ಪುಟವಾದರೂ ಬರೆಯುತ್ತಿದ್ದರು ಎಂಬುದು ಮಕ್ಕಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾದದ್ದು 2018ರ ಆಗಸ್ಟಿನಲ್ಲಿ, ಟ್ರಂಕು ನೆನೆದ ಮೇಲೆ.

ಅದು ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ವಾರ. ಅಜ್ಜಿಯ ಮನೆಗೆ ಅಂಥದ್ದೇನೂ ಆಗಲಿಲ್ಲ. ಸಿಲ್ವರ್ ಮರದ ಕೊಂಬೆ ಬಿದ್ದು ಎಂಟು ಹೆಂಚು ಒಡೆದವು, ಅಷ್ಟೆ. ಆದರೆ ಮನೆಯವರೆಲ್ಲ ನೆಂಟರಲ್ಲಿಗೆ ಹೋಗಿದ್ದರಿಂದ ನಾಲ್ಕು ದಿನ ಆ ತೂತಿನ ಕೆಳಗೆ ಟ್ರಂಕು ಕೂತಿತ್ತು. ಐದನೆಯ ದಿನ ತೆರೆದಾಗ ಸಿಕ್ಕಿದ್ದು: ಏಳು ಲಾಂಗ್ ನೋಟ್‌ಬುಕ್ಕು, ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಹಂಚುವಂಥ ನಾಲ್ಕು ಡೈರಿ, ಒಂದು ಬಿಸ್ಕತ್ತು ಡಬ್ಬಿಯಲ್ಲಿ ನೂರನಲವತ್ತು ಬಿಡಿಹಾಳೆ, ಇಪ್ಪತ್ತಮೂರು ಕಾಗದ (ಪತ್ರ). ಹನ್ನೊಂದರಲ್ಲಿ ಮೂರು ಪೂರ್ತಿ ತೊಯ್ದಿದ್ದವು, ನಾಲ್ಕರ ಅಂಚು ಮಾತ್ರ ನೆನೆದಿತ್ತು, ಉಳಿದ ನಾಲ್ಕು ಒಣಗಿಯೇ ಇದ್ದವು. ಡಬ್ಬಿಯ ಹೊರಮೈ ತುಕ್ಕು ಹಿಡಿದಿದ್ದರೂ ಒಳಗಿನದು ಕ್ಷೇಮ.

ಒಣಗಿಸಿದ್ದು

ನೆನೆದ ಕಾಗದಕ್ಕೆ ಸುಮಾರು 48 ಗಂಟೆ ಗಡುವು. ಅದರೊಳಗೆ ಒಣಗಿಸಬೇಕು, ಇಲ್ಲವೆ ಫ್ರೀಜರಿನಲ್ಲಿಟ್ಟು ಬೂಷ್ಟನ್ನು ತಡೆದು ಆಮೇಲೆ ನಿಧಾನಕ್ಕೆ ಒಣಗಿಸಬಹುದು. ಇಲ್ಲಿ ಗಡುವು ಆಗಲೇ ಮೀರಿತ್ತು, ಕರೆಂಟೂ ಇರಲಿಲ್ಲ. ಮಳೆಗಾಲದ ಕೊಡಗಿನಲ್ಲಿ ಫ್ರೀಜರನ್ನು ನಂಬಿ ಕೂರುವವರು ಹೊರಗಿನಿಂದ ಬಂದವರೇ.

ಮೊದಲ ತಪ್ಪು ಪ್ರೀತಿಯಿಂದಲೇ ಆಯಿತು. ಸೊಸೆ ಅತಿ ಹೆಚ್ಚು ನೆನೆದ ನೋಟ್‌ಬುಕ್ಕನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರು, ಮಾಂಸ ಹೊಗೆಗೆ ಕಟ್ಟುವ ಜಾಗಕ್ಕೆ. ಎರಡೇ ದಿನಕ್ಕೆ ಒಣಗಿತು, ಆದರೆ ಹಪ್ಪಳದಂತೆ ಸುರುಳಿಕೊಂಡಿತು. ಶಾಖ ಜೋರಾದರೆ ಅಂಚು ಬೇಗ ಒಣಗಿ ಕುಗ್ಗುತ್ತದೆ, ಬೆನ್ನಿನ ಹತ್ತಿರ ಇನ್ನೂ ಹಸಿಯಾಗಿರುತ್ತದೆ. ಆ ಎಳೆದಾಟದಲ್ಲಿ ಹಾಳೆ ತಿರುಚುತ್ತದೆ. ಹೊಗೆಯ ಜಿಡ್ಡು ಬೇರೆ ಕೂತಿತು. ನುಣುಪು ಕಾಗದದ ಬಣ್ಣದ ರಕ್ಷಾಪುಟ ಮೊದಲ ಹಾಳೆಗೆ ಹೀಗೆ ಅಂಟಿತೆಂದರೆ ಇವತ್ತಿಗೂ ಬಿಟ್ಟಿಲ್ಲ. ಹೊಳಪು ಲೇಪದ ಕಾಗದ ಮುಚ್ಚಿಕೊಂಡೇ ಒಣಗಿದರೆ ಗೋಂದು ಹಚ್ಚಿದ ಹಾಗೆ. ಅದನ್ನು ಹಸಿ ಇರುವಾಗಲೇ ಬಿಡಿಸಬೇಕಿತ್ತು.

ಉಳಿದ ಎರಡನ್ನು ಕಾಪಾಡಿದ್ದು ಭೂಗೋಳ. ಮಡಿಕೇರಿಯ ಕಡೆ ಆಗಸ್ಟಿನಲ್ಲಿ ಗಾಳಿಯೇ ಒದ್ದೆ. ಮೂವತ್ತು ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಹೋದರೆ ಬಟ್ಟೆ ಒಣಗುತ್ತದೆ. ದಾರಿ ತೆರೆದ ದಿನವೇ ಪುಸ್ತಕಗಳನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಮಲಗಿಸಿ ಅಲ್ಲಿನ ನೆಂಟರ ಮನೆಗೆ ಒಯ್ದರು. ಒಯ್ಯುವಾಗ ಹಾಳೆ ಬಿಡಿಸಲು ಹೋಗಲಿಲ್ಲ, ಅದೇ ಸರಿ. ಹಸಿ ಹಾಳೆಗೆ ತನ್ನ ತೂಕವನ್ನೇ ತಾಳುವ ಬಲ ಇರುವುದಿಲ್ಲ.

ಅಲ್ಲಿ ಮಾಡಿದ್ದು ಇಷ್ಟು. ಪುಸ್ತಕವನ್ನು ಗೇಣಗಲ ತೆರೆದು ಕಿಟಕಿಯಿಂದ ದೂರ ನೆಟ್ಟಗೆ ನಿಲ್ಲಿಸುವುದು. ಪ್ರತಿ ಹತ್ತು ಹಾಳೆಗೊಂದರಂತೆ ಅಚ್ಚಾಗದ ಖಾಲಿ ನ್ಯೂಸ್‌ಪ್ರಿಂಟ್ ಇಡುವುದು. ಪ್ರೆಸ್ಸುಗಳಲ್ಲಿ ಸುರುಳಿಯ ಕೊನೆಯ ತುಂಡು ಕಡಿಮೆ ಬೆಲೆಗೆ ಸಿಗುತ್ತದೆ. ಓದಿದ ಪತ್ರಿಕೆ ಬೇಡ, ಅದರ ಶಾಯಿ ಇಳಿಯುತ್ತದೆ. ಮೊದಲ ದಿನ ಮೂರು ನಾಲ್ಕು ಗಂಟೆಗೊಮ್ಮೆ, ಆಮೇಲೆ ದಿನಕ್ಕೆರಡು ಸಲ ಆ ಹಾಳೆ ಬದಲಿಸುವುದು. ಫ್ಯಾನು ಗೋಡೆಯ ಕಡೆ ತಿರುಗಿರಬೇಕು, ಪುಸ್ತಕದ ಕಡೆಗಲ್ಲ. ಒಣಗಿತೇ ಎಂದು ನೋಡಲು ಬೆರಳು ಸಾಲದು, ಹಾಳೆಯನ್ನು ಕೆನ್ನೆಗೆ ಮುಟ್ಟಿಸಬೇಕು. ತಣ್ಣಗೆ ಹತ್ತಿದರೆ ಇನ್ನೂ ತೇವ ಇದೆ ಎಂದರ್ಥ. ಇನ್ನೂರು ಪುಟದ ಪುಸ್ತಕಕ್ಕೆ ಆರು ದಿನ ಹಿಡಿಯಿತು. ಬಳಿಕ ಎರಡು ಪ್ಲೈವುಡ್ ಹಲಗೆಗಳ ನಡುವೆ ಇಟ್ಟು, ಮೇಲೆ ಐದು ಕಿಲೋ ಅಕ್ಕಿಚೀಲ ಹೇರಿ ಒಂದು ವಾರ.

ಬೂಷ್ಟು ಎರಡು ಪುಸ್ತಕದ ಬೆನ್ನಿನಲ್ಲಿ ಹತ್ತಿತ್ತು. ಹಸಿಯಿದ್ದಾಗ ಅದನ್ನು ಒರೆಸಿದರೆ ಕಾಗದದೊಳಕ್ಕೆ ಇಳಿಯುತ್ತದೆ, ಕಲೆ ಕಾಯಂ. ಪೂರ್ತಿ ಒಣಗಿ ಪುಡಿಯಾದ ಮೇಲೆ ಜಗಲಿಯಲ್ಲಿ, ಎನ್-95 ಮಾಸ್ಕ್ ಕಟ್ಟಿಕೊಂಡು, ಒಂದಿಂಚಿನ ಮೆತ್ತನೆ ಬ್ರಷ್‌ನಿಂದ ಮುಖದಿಂದ ಆಚೆ ದಿಕ್ಕಿಗೆ ತೆಗೆದದ್ದಾಯಿತು. ತುಕ್ಕು ಹಿಡಿದ ಪಿನ್ನುಗಳನ್ನು ಕಿತ್ತು ಹತ್ತಿದಾರದಲ್ಲಿ ಹೊಲಿದರು. ಒಬ್ಬರು ಹರಿದ ಹಾಳೆಗಳಿಗೆ ಸೆಲ್ಲೋ ಟೇಪು ಹಚ್ಚಲು ಹೊರಟಿದ್ದರು, ತಡೆದದ್ದು ಒಳ್ಳೆಯದಾಯಿತು. ಟೇಪು ಹತ್ತು ವರ್ಷಕ್ಕೆ ಒಣಗಿ ಬೀಳುತ್ತದೆ, ಗೋಂದು ಮಾತ್ರ ಹಳದಿಯಾಗಿ ಅಕ್ಷರದ ಮೇಲೆ ಉಳಿಯುತ್ತದೆ.

ಅಳಿಸಿದ ಅಕ್ಷರ

ತೊಯ್ದ ಮೂರರಲ್ಲಿ ಎರಡು ಬಾಲ್‌ಪೆನ್ನಿನಲ್ಲಿ ಬರೆದವು. ಬಾಲ್‌ಪೆನ್ನಿನ ಶಾಯಿ ಎಣ್ಣೆಯಂಥದ್ದು, ನೀರಿಗೆ ಜಗ್ಗಲಿಲ್ಲ. ಮೂರನೆಯದು, ಸಂಖ್ಯೆ ನಾಲ್ಕು ಎಂದು ಗುರುತು ಹಾಕಿದ್ದು, ಶಾಯಿಪೆನ್ನಿನದು. ಅದೂ ತೊಳೆದರೆ ಹೋಗುವ ನೀಲಿ. ಮೂವತ್ತೈದು ಪುಟ ಬಾನಿನ ಬಣ್ಣಕ್ಕೆ ತಿರುಗಿದ್ದವು.

ಇಂಥ ಪುಟಕ್ಕೆ ಲ್ಯಾಬು ಬೇಕಾಗಿಲ್ಲ. ಹಗಲು ಬೆಳಕಿನಲ್ಲಿ ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು ಫೋಟೋ ತೆಗೆದು, ತಿದ್ದುವ ಆ್ಯಪ್‌ನಲ್ಲಿ ಕಪ್ಪು ಬಿಳುಪು ಮಾಡಿ ಕೆಂಪು ಫಿಲ್ಟರ್ ಆರಿಸಿದರೆ ಸಾಕು. ನೀಲಿ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ, ಹಾಗಾಗಿ ಕಪ್ಪಾಗಿ ಕಾಣುತ್ತದೆ. ಮಳೆನೀರಿನ ಹಳದಿ ಕಲೆ ಅದೇ ಫಿಲ್ಟರಿನಲ್ಲಿ ಬೆಳ್ಳಗಾಗಿ ಮಾಯವಾಗುತ್ತದೆ. ಜನ ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ, ನೀಲಿ ಅಕ್ಷರಕ್ಕೆ ನೀಲಿ ಫಿಲ್ಟರ್ ಹಾಕಿ ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ. ಪೆನ್ನು ಒತ್ತಿ ಬರೆದ ಕಡೆ ಇನ್ನೊಂದು ಉಪಾಯ ಇದೆ: ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಅಕ್ಷರದ ಗುಳಿಗಳಲ್ಲಿ ನೆರಳು ಬೀಳುತ್ತದೆ. ನಾಲ್ಕೂ ಕಡೆಯಿಂದ ಒಂದೊಂದು ಫೋಟೋ. ಈ ಎರಡು ದಾರಿಯಲ್ಲಿ ಮೂವತ್ತೈದರಲ್ಲಿ ಇಪ್ಪತ್ತೆಂಟು ಪುಟ ಓದಲು ಸಿಕ್ಕಿತು. ಉಳಿದ ಏಳನ್ನು ಅಜ್ಜಿಗೆ ತೋರಿಸಿ ‘ಇಲ್ಲಿ ಏನಿತ್ತು, ನೆನಪಿದೆಯೇ’ ಎಂದು ಕೇಳಲಾಯಿತು. ಅವರು ಹೇಳಿದ್ದನ್ನು ಬೇರೆ ಬಣ್ಣದ ಹಾಳೆಯಲ್ಲಿ ಬರೆದು ಜೊತೆಗಿಟ್ಟರು, ಮೂಲ ಪುಟದ ಪಠ್ಯ ಎಂದು ಸೇರಿಸಲಿಲ್ಲ. ಆವತ್ತು ಬರೆದದ್ದೇ ಬೇರೆ, ಐವತ್ತು ವರ್ಷದ ಮೇಲೆ ನೆನೆದು ಹೇಳಿದ್ದೇ ಬೇರೆ.

ಲೆಕ್ಕದ ಪುಟ ಬೇಡ ಎಂದವರು

ಪುಸ್ತಕ ಮಾಡೋಣ ಎಂದು ಮನೆಯವರು ನಿಶ್ಚಯಿಸಿದ ಮೇಲೆ ಆದ ನಿಜವಾದ ಎಡವಟ್ಟು ಇದು. ಪ್ರತಿ ದಿನದ ಬರಹ ಹೀಗೆ ಶುರುವಾಗುತ್ತದೆ: ಮಳೆ ಇಷ್ಟು, ಹಾಲು ಇಷ್ಟು, ಆಳು ಇಷ್ಟು, ಸಂತೆಗೆ ಇಷ್ಟು. ಆಮೇಲೆ ಎರಡು ಗೆರೆ ಬಿಟ್ಟು ನೆನಪೋ ಬೇಸರವೋ ಯಾರದೋ ಮದುವೆಯೋ. ಮೊದಲು ಟೈಪು ಮಾಡಿದವರು ಲೆಕ್ಕವನ್ನೆಲ್ಲ ಬಿಟ್ಟು ‘ಕಥೆ’ಯನ್ನಷ್ಟೇ ಎತ್ತಿಕೊಂಡರು. ನೂರಿಪ್ಪತ್ತು ಪುಟ ಚೆಂದವಾಗಿ ಬಂತು, ಆದರೆ ಯಾವುದು ಯಾವ ವರ್ಷದ್ದು ಎಂಬುದು ಕಳೆದುಹೋಯಿತು. ಅಜ್ಜಿ ಇಸವಿ ಬರೆಯುವವರಲ್ಲ. ತಿಂಗಳು, ತಾರೀಕು, ವಾರ ಬರೆಯುತ್ತಾರೆ. ಇಸವಿ ತಮಗೆ ಗೊತ್ತೇ ಇದೆಯಲ್ಲ!

ಡೈರಿಗಳದ್ದು ಇನ್ನೂ ತೊಡಕು. ಉಚಿತವಾಗಿ ಬಂದ ಡೈರಿಯನ್ನು ಆ ವರ್ಷವೇ ಬರೆದು ಮುಗಿಸುವ ಅಭ್ಯಾಸ ಯಾವ ಮನೆಯಲ್ಲೂ ಇಲ್ಲ. ಒಂದು ಪುಟವನ್ನೇ ಹತ್ತಿರದಿಂದ ನೋಡಬಹುದು. 1978ರ ಡೈರಿ, ಅಚ್ಚಾದ ತಾರೀಕು ಆಗಸ್ಟ್ 3. ಅಲ್ಲಿರುವ ಬರಹ:

‘ಮಳೆ 4.15. ಇಂದು ಕಕ್ಕಡ 18. ಮದ್ದ್ ಸೊಪ್ಪು ನಿನ್ನೆ ಸಂಜೆಯೇ ತಂದಿಟ್ಟಿದ್ದರಿಂದ ಸರಿಹೋಯಿತು. ಪಾಯಸದ ಬಣ್ಣ ಈ ಸಲ ಗಾಢ. ಶುಕ್ರವಾರ ಸಂತೆಗೆ ಯಾರೂ ಹೋಗಲಿಲ್ಲ, ಉಪ್ಪು ಮೀನು ಇಲ್ಲ.’

ಟೈಪು ಮಾಡಿದವರು ಇದನ್ನು 1978 ಎಂದೇ ಹಾಕಿದ್ದರು. ಆದರೆ 1978ರ ಆಗಸ್ಟ್ 3 ಗುರುವಾರ. ಮಡಿಕೇರಿ ಸಂತೆ ಶುಕ್ರವಾರ, ಅದನ್ನು ಅಜ್ಜಿ ತಪ್ಪುವ ಮಾತೇ ಇಲ್ಲ. ಕಕ್ಕಡ 18 ಅಂದರೆ ಮದ್ದುಸೊಪ್ಪಿನ ಪಾಯಸ ಕುಡಿಯುವ ದಿನ, ಆಗಸ್ಟ್ 3; ಹಾಗಾಗಿ ತಾರೀಕಿನಲ್ಲಿ ಅನುಮಾನವಿಲ್ಲ, ತಪ್ಪಿದ್ದು ಇಸವಿ. ಆಗಸ್ಟ್ 3 ಶುಕ್ರವಾರ ಬಿದ್ದ ವರ್ಷಗಳನ್ನು ಹುಡುಕಿದರೆ 1979, 1984, 1990 ಸಿಗುತ್ತವೆ. ಮೂರರಲ್ಲಿ ಯಾವುದು?

ಇಲ್ಲಿ ಬಿಟ್ಟುಹಾಕಿದ ಮಳೆ ಲೆಕ್ಕ ಕೈ ಹಿಡಿಯಿತು. ಗಂಡ ಕೆಲಸ ಮಾಡುತ್ತಿದ್ದ ತೋಟದ ಹಳೆಯ ಮಳೆ ರಿಜಿಸ್ಟರುಗಳು ಗೋದಾಮಿನಲ್ಲಿ ಇದ್ದವು. ಆಡಳಿತದವರಿಗೆ ಕಾಗದ ಬರೆದು ಅನುಮತಿ ಪಡೆದು, ಮೂರು ವರ್ಷದ ಆಗಸ್ಟ್ ಪುಟಗಳ ಫೋಟೋ ತೆಗೆಯಲಾಯಿತು. 4.15 ಸಿಕ್ಕಿದ್ದು 1984ರಲ್ಲಿ. ಒಂದೇ ಅಂಕಿ ಹೊಂದಿದರೆ ಸಾಲದು, ಕಾಕತಾಳೀಯ ಇರಬಹುದು. ಆಗಸ್ಟ್ 2 ಮತ್ತು 4ರ ಅಂಕಿಗಳೂ ಡೈರಿಯೊಂದಿಗೆ ಕೂಡಿಬಂದ ಮೇಲೆಯೇ ಇಸವಿ ಬರೆದದ್ದು. ಕನಿಷ್ಠ ಮೂರು ದಿನ ಸಾಲಾಗಿ ಹೊಂದಬೇಕು ಎಂಬ ನಿಯಮವನ್ನು ಕೊನೆಯವರೆಗೂ ಪಾಲಿಸಲಾಯಿತು.

ಈ ಕೆಲಸದಲ್ಲಿ ಎರಡು ಗುಂಡಿಗಳಿವೆ. ಮಳೆಮಾಪಕ ನೋಡುವುದು ಬೆಳಿಗ್ಗೆ ಎಂಟು, ಎಂಟೂವರೆಗೆ. ಹಿಂದಿನ ಇಪ್ಪತ್ತನಾಲ್ಕು ಗಂಟೆಯ ಆ ನೀರನ್ನು ಕೆಲವು ತೋಟಗಳಲ್ಲಿ ಅಳೆದ ದಿನಕ್ಕೆ ಬರೆಯುತ್ತಾರೆ, ಕೆಲವು ಕಡೆ ಹಿಂದಿನ ದಿನದ ಖಾತೆಗೆ. ತೋಟ ಬದಲಾದಾಗ ಈ ಪದ್ಧತಿಯೂ ಬದಲಾಗಿ, ಡೈರಿ ಒಂದು ದಿನ ಹಿಂದೆ ಮುಂದೆ ಕಾಣುತ್ತದೆ. ಎರಡನೆಯದು ಅಳತೆಯ ಹೆಸರು. ತೋಟದವರ ಬಾಯಲ್ಲಿ ಮಳೆ ‘ನಾಲ್ಕು ಇಂಚು ಹದಿನೈದು ಸೆಂಟು’. ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. ನಾಲ್ಕು ಇಂಚು ಹದಿನೈದು ಸೆಂಟು ಅಂದರೆ 105 ಮಿಲಿಮೀಟರಿಗಿಂತ ಚೂರು ಹೆಚ್ಚು. ಬೆಂಗಳೂರಿನಲ್ಲಿ ಕೂತು ಕರಡು ತಿದ್ದಿದವರು ಸೆಂಟನ್ನು ಸೆಂಟಿಮೀಟರ್ ಮಾಡಿಬಿಟ್ಟರು. ಅದೇ ಪುಸ್ತಕದಲ್ಲಿ ಜಾಗದ ಸೆಂಟೂ ಬರುತ್ತದೆ, ಎಕರೆಯ ನೂರನೇ ಭಾಗ. ಅದೂ ಸೆಂಟಿಮೀಟರ್ ಆಯಿತು. ಮೂವತ್ತು ಸೆಂಟು ಮನೆ ಜಾಗ ಮೂವತ್ತು ಸೆಂಟಿಮೀಟರ್ ಆದರೆ ಕೋಳಿಯೂ ನಿಲ್ಲುವುದಿಲ್ಲ.

ರಿಜಿಸ್ಟರ್ ನೋಡುವಾಗ ಯಾರೂ ಹುಡುಕದ ಒಂದು ಸಂಗತಿ ಸಿಕ್ಕಿತು. 1971ರ ಜೂನಿನಿಂದ ಸೆಪ್ಟೆಂಬರ್ ತನಕ ಅಂಕಿಗಳ ಕೈಬರಹ ಬೇರೆ. ಏಳಕ್ಕೆ ಅಡ್ಡಗೆರೆ, ನಾಲ್ಕರ ಬಾಲ ಎಡಕ್ಕೆ ಬಾಗಿದ್ದು. ನೋಟ್‌ಬುಕ್ಕಿನ ಅಂಕಿಗಳ ಪಕ್ಕ ಇಟ್ಟು ನೋಡಿದರೆ ಅಜ್ಜಿಯದೇ. ಆ ವರ್ಷ ಗಂಡನಿಗೆ ಟೈಫಾಯಿಡ್. ನಾಲ್ಕು ತಿಂಗಳು ಮಳೆ ಅಳೆದವರು, ಚೆಕ್‌ರೋಲ್ ತುಂಬಿದವರು ಇವರು. ಕೇಳಿದರೆ, ‘ಅವರ ಹೆಸರಿಗೆ ಸಂಬಳ ಬರಬೇಕಿತ್ತಲ್ಲ’ ಎಂದಷ್ಟೇ ಹೇಳಿದರು.

ಗಾಂಧಿಯನ್ನು ಕಂಡ ನೆನಪು

ಇಸವಿ ಗೊತ್ತಿಲ್ಲದ ನೆನಪುಗಳಿಗೆ ಸಾರ್ವಜನಿಕ ಘಟನೆಗಳ ಗೂಟ ಬೇಕಾಗುತ್ತದೆ. ಅಜ್ಜಿಯ ಬರಹದಲ್ಲಿ ಅಂಥವು ಧಾರಾಳ. ‘ಹೊಸ ಪೈಸೆ ಬಂದ ವರ್ಷ’ ಅಂದರೆ 1957, ಏಪ್ರಿಲ್ ಒಂದರ ನಂತರ. ‘ಕೊಡಗು ಮೈಸೂರಿಗೆ ಸೇರಿದ ದಿನ’ 1956ರ ನವೆಂಬರ್ 1. ಆವತ್ತು ಗುರುವಾರ ಎಂದು ಅಜ್ಜಿ ಬರೆದದ್ದು ಸರಿಯಾಗಿಯೇ ಇದೆ. ‘ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ತೀರಿಹೋದಾಗ ದೊಡ್ಡ ಮಗನಿಗೆ ಹಲ್ಲು ಬರುತ್ತಿತ್ತು’, ಅದು 1965ರ ಡಿಸೆಂಬರ್. ‘ಸೂರ್ಯಗ್ರಹಣಕ್ಕೆ ಮಧ್ಯಾಹ್ನ ಕೋಳಿ ಗೂಡು ಸೇರಿದ್ದು’ 1980ರ ಫೆಬ್ರವರಿ 16. ‘ಕಾಫಿಗೆ ಬೆಲೆ ಬಂದು ಎಲ್ಲರೂ ಜೀಪು ಕೊಂಡ ಕಾಲ’ ಎಂದರೆ 1994ರ ಆಚೆ, ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಏರಿದ ಮೇಲೆ.

ಆದರೆ ಎರಡನೇ ನೋಟ್‌ಬುಕ್ಕಿನ ಒಂದು ಸಾಲು ಯಾವ ಗೂಟಕ್ಕೂ ಸಿಗಲಿಲ್ಲ: ‘ಗಾಂಧೀಜಿ ಬಂದಾಗ ನಾನು ಅವ್ವನ ಸೊಂಟದ ಮೇಲಿದ್ದೆ. ಒಬ್ಬರು ಮೈಮೇಲಿನ ಒಡವೆಯನ್ನೆಲ್ಲ ಬಿಚ್ಚಿ ಕೊಟ್ಟರು.’ ಗಾಂಧೀಜಿ ಕೊಡಗಿಗೆ ಬಂದದ್ದು 1934ರ ಫೆಬ್ರವರಿಯಲ್ಲಿ. ಅಜ್ಜಿ ಹುಟ್ಟಲು ಇನ್ನೂ ಏಳು ವರ್ಷ ಇತ್ತು.

ಮನೆಯವರಲ್ಲಿ ಇಬ್ಬರು ಈ ಸಾಲು ತೆಗೆದುಹಾಕಿ ಎಂದರು, ಸುಳ್ಳು ಅನ್ನುತ್ತಾರೆ ಎಂಬ ಭಯಕ್ಕೆ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಅಜ್ಜಿಗೆ 1932ರಲ್ಲಿ ಹುಟ್ಟಿದ ಅಕ್ಕ ಇದ್ದರು. ಸೊಂಟದ ಮೇಲಿದ್ದದ್ದು ಅಕ್ಕ. ಅವ್ವ ಆ ದಿನದ ಕತೆಯನ್ನು ವರ್ಷಗಟ್ಟಲೆ ಹೇಳಿದ್ದಾರೆ. ಅಕ್ಕ ಹನ್ನೆರಡಕ್ಕೇ ತೀರಿಹೋದ ಮೇಲೆ ಸೊಂಟದ ಆ ಜಾಗ ತಂಗಿಗೆ ಬಂದಿದೆ. ಒಡವೆಯ ಸಂಗತಿಯನ್ನು ಅವ್ವನೂ ಕಣ್ಣಾರೆ ಕಂಡಿರಲಿಕ್ಕಿಲ್ಲ. ಆ ಭೇಟಿಯಲ್ಲಿ ಒಡವೆ ಬಿಚ್ಚಿಕೊಟ್ಟವರು ಕಥೆಗಾರ್ತಿ ಕೊಡಗಿನ ಗೌರಮ್ಮ. ಆಗ ಅವರಿಗೆ 22 ತುಂಬಿರಲಿಲ್ಲ, 1939ರಲ್ಲಿ 27ರ ಹರೆಯದಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಜಿಲ್ಲೆಯಲ್ಲೆಲ್ಲ ಬಾಯಿಂದ ಬಾಯಿಗೆ ಹೋಗಿ ಎಷ್ಟೋ ಮನೆಗಳ ಸ್ವಂತ ನೆನಪಾಗಿ ಕೂತಿದೆ. ಹಾಗಾಗಿ ಸಾಲನ್ನು ಇದ್ದ ಹಾಗೆಯೇ ಅಚ್ಚು ಹಾಕಿ, ಅಡಿಟಿಪ್ಪಣಿಯಲ್ಲಿ ಮೂರು ಇಸವಿ ಕೊಟ್ಟರು: 1932, 1934, 1941. ಅಜ್ಜಿ ಆ ಟಿಪ್ಪಣಿ ಓದಿ ತುಸು ಹೊತ್ತು ಸುಮ್ಮನಿದ್ದು, ‘ಅಕ್ಕನ ಹೆಸರೂ ಹಾಕಿ’ ಅಂದರು. ಹಾಕಲಾಯಿತು.

ತಾಯಿ ಯಾರು

ಭಾಷೆಯ ತೊಡಕುಗಳಲ್ಲಿ ಅತಿ ದುಬಾರಿಯಾದದ್ದು ಒಂದೇ ಪದ. ಕೊಡವ ತಕ್ಕ್‌ನಲ್ಲಿ ಅವ್ವ ಎಂದರೆ ಹೆತ್ತವಳು, ತಾಯಿ ಎಂದರೆ ಅಜ್ಜಿ. ಅಜ್ಜಿ ಬರೆಯುವುದು ಕನ್ನಡವಾದರೂ ಸಂಬಂಧದ ಪದಗಳು ಮನೆಯವು. ‘ತಾಯಿ ಕಾಚಂಪುಳಿ ಕಾಯಿಸುತ್ತಿದ್ದರು, ಅವ್ವ ಸೌದೆ ಒಡ್ಡುತ್ತಿದ್ದರು’ ಎಂಬಲ್ಲಿ (ಕಾಚಂಪುಳಿ ಅಂದರೆ ಅಡಿಗೆಗೆ ಬಳಸುವ, ಕಾಯಿಸಿ ಗಟ್ಟಿ ಮಾಡಿದ ಹುಳಿರಸ) ಇಬ್ಬರಿದ್ದಾರೆ. ಟೈಪು ಮಾಡಿದವರು ಒಬ್ಬರೇ ಎಂದು ತಿಳಿದು, ಎರಡೂ ಕಡೆ ‘ತಾಯಿ’ ಎಂದು ಏಕರೂಪ ಮಾಡಿದರು. ಒಂದು ತಲೆಮಾರು ಪೂರ್ತಿ ಅಳಿಸಿಹೋಯಿತು. ಮುದುಕಿಯ ಮದುವೆ ಮಗಳ ಮದುವೆಯಾಗಿ, ಎಂದೋ ಸತ್ತವರು ಮುಂದಿನ ಅಧ್ಯಾಯದಲ್ಲಿ ಅಕ್ಕಿ ಒಟ್ಟಿ (ರೊಟ್ಟಿ) ತಟ್ಟತೊಡಗಿದರು. ಇದನ್ನು ಹಿಡಿದದ್ದು ಮೊಮ್ಮಗಳು. ಆಕೆ ಈಗಲೂ ಅಜ್ಜಿಯನ್ನು ‘ತಾಯಿ’ ಎಂದೇ ಕರೆಯುವುದು. ನೂರನಾಲ್ವತ್ತಕ್ಕೂ ಹೆಚ್ಚು ಕಡೆ ಮತ್ತೆ ಕೈಯಿಂದಲೇ ತಿದ್ದಬೇಕಾಯಿತು, ‘ಹುಡುಕಿ ಬದಲಿಸು’ ಗುಂಡಿ ಇಲ್ಲಿ ಕೆಲಸಕ್ಕೆ ಬಾರದು.

ಕಾಗುಣಿತದ ವಿಷಯ. ಕೊಡವ ತಕ್ಕ್‌ನ ಎರಡು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ಪದದ ಕೊನೆಯ ಆ ಅರೆಸ್ವರವನ್ನು ಅಜ್ಜಿ ಒಮ್ಮೆ ಉಕಾರದಲ್ಲಿ, ಒಮ್ಮೆ ಬರೀ ಅರ್ಧಾಕ್ಷರದಲ್ಲಿ ಬರೆಯುತ್ತಾರೆ: ತಕ್ಕು, ತಕ್ಕ್. ಹಬ್ಬಗಳಿಗೂ ಎರಡೆರಡು ಹೆಸರು; ಮನೆಯ ಹಬ್ಬ ಎಂಬ ಭಾವದಲ್ಲಿ ಪುತ್ತರಿ, ಊರಿಗೆ ಹೇಳುವಾಗ ಹುತ್ತರಿ. ಇದನ್ನು ಸಮ ಮಾಡಬಾರದು ಎಂಬುದು ಇಲ್ಲಿ ತೆಗೆದುಕೊಂಡ ತೀರ್ಮಾನ. ಪದಸೂಚಿಯಲ್ಲಿ ಮಾತ್ರ ಎರಡನ್ನೂ ಒಂದೇ ಕಡೆ ಸೇರಿಸಿದರೆ ಸಾಕು.

ಮೊದಲ ಕರಡು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರದಲ್ಲಿತ್ತು. ಯೂನಿಕೋಡಿಗೆ ಬದಲಿಸುವಾಗ ‘ಕೈಲ್‌ಪೊಳ್ದ್’ ಒತ್ತಕ್ಷರವಾಗಿ ‘ಕೈಲ್ಪೊಳ್ದ್’ ಆಯಿತು, ಞ ಇದ್ದಲ್ಲೆಲ್ಲ ಬೇರೇನೋ ಕೂತಿತು. ಕೊನೆಗೆ ಸಲೀಸಾದ ದಾರಿ ಎಂದರೆ ಮೊಮ್ಮಗಳು ಗಟ್ಟಿಯಾಗಿ ಓದಿ ಫೋನಿನ ಧ್ವನಿ ಟೈಪಿಂಗ್‌ನಲ್ಲಿ ಹಾಕುವುದು; ಪುಟಕ್ಕೆ ಏಳೆಂಟು ನಿಮಿಷ, ತಿದ್ದಲು ಇನ್ನಷ್ಟೇ. ಕೊಡವ ಪದ ಬಂದಲ್ಲಿ ಯಂತ್ರ ತನಗೆ ತಿಳಿದ ಕನ್ನಡ ಪದ ಹಾಕುತ್ತದೆ, ಆದ್ದರಿಂದ ಅಂಥ ಪದಗಳನ್ನು ಓದದೆ ‘ನಕ್ಷತ್ರ’ ಎಂದು ಹೇಳಿ ಜಾಗ ಬಿಟ್ಟು ಆಮೇಲೆ ತುಂಬುವುದು.

ಅಜ್ಜಿಯೊಂದಿಗಿನ ಮಾತನ್ನು ರೆಕಾರ್ಡ್ ಮಾಡಿದ್ದು 2019ರ ಜನವರಿಯಿಂದ ಏಪ್ರಿಲ್ ನಡುವೆ. ಜೂನ್ ಬಂದರೆ ಹೆಂಚಿನ ಮೇಲೆ ಮಳೆಯ ಸದ್ದಿಗೆ ಏನೂ ಕೇಳದು, ಶೀಟಿನ ಮನೆಯಲ್ಲಂತೂ ಎದುರು ಕೂತವರ ಮಾತೇ ಕೇಳದು. ಒಂದು ಸಲಕ್ಕೆ ನಲವತ್ತು ನಿಮಿಷ, ಬೆಳಿಗ್ಗೆ ಕಾಫಿಯಾದ ಮೇಲೆ. ‘1968ರಲ್ಲಿ ಏನಾಯಿತು’ ಎಂಬ ಪ್ರಶ್ನೆಗೆ ‘ಏನಿಲ್ಲ’ ಎಂಬುದೇ ಉತ್ತರ. ಗಂಡನ ಕೆಲಸದ ಮೇಲೆ ಅವರು ಐದು ತೋಟಗಳ ಮನೆಗಳಲ್ಲಿ ಇದ್ದವರು. ‘ಆ ಮನೆಯಲ್ಲಿ ಒಲೆ ಯಾವ ಮೂಲೆಗಿತ್ತು, ನೀರು ಎಲ್ಲಿಂದ’ ಎಂದು ಕೇಳಿ, ಅವರ ಕೈಯಲ್ಲೇ ಮನೆಯ ನಕ್ಷೆ ಬರೆಸಿದರೆ ಅರ್ಧ ಗಂಟೆ ಮಾತು ನಿಲ್ಲುವುದಿಲ್ಲ. ಹದಿನೈದರಿಂದ ಇಪ್ಪತ್ತೈದರ ವಯಸ್ಸಿನವು ದಟ್ಟವಾಗಿ ಬಂದವು, ನಡುವಯಸ್ಸಿನವು ತೆಳು. ವಯಸ್ಸಾದವರಲ್ಲಿ ಇದು ಮಾಮೂಲು. ತೆಳುವಾದ ಕಡೆ ನೋಟ್‌ಬುಕ್ಕೇ ಗತಿ.

ಅಚ್ಚಿಗೆ ಹೋಗದ್ದು

ಜಮ್ಮಾ ಆಸ್ತಿಯ (ಕೊಡಗಿನ ವಂಶಪಾರಂಪರ್ಯ ಜಮೀನಿನ) ಪಾಲಿನ ಜಗಳದ ಹದಿನಾರು ಪುಟ, ಆಳುಗಳ ಲೈನ್ ಮನೆಯ ಒಬ್ಬಳ ಬಸಿರಿನ ವಿಷಯದ ಎರಡು ಪುಟ ಅಚ್ಚಿಗೆ ಹೋಗಲಿಲ್ಲ. ಹರಿದೂ ಹಾಕಲಿಲ್ಲ. ಫೋಟೋ ತೆಗೆದು, ಲಕೋಟೆಯಲ್ಲಿಟ್ಟು, ‘2045ರ ತನಕ ತೆರೆಯಬಾರದು’ ಎಂದು ಅಜ್ಜಿಯ ಕೈಯಲ್ಲೇ ಬರೆಸಿ ಸಹಿ ಹಾಕಿಸಿದರು. ಆಳುಗಳ ಹೆಸರಿದ್ದ ಚೆಕ್‌ರೋಲ್ ಸಾಲುಗಳಲ್ಲಿ ಕೂಲಿಯ ಮೊತ್ತ ಉಳಿಸಿ ಹೆಸರಿನ ಮೊದಲಕ್ಷರ ಮಾತ್ರ ಇಟ್ಟರು.

ಕಾಗದಗಳ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಇಪ್ಪತ್ತಮೂರರಲ್ಲಿ ಹದಿನಾಲ್ಕು, ಸೈನ್ಯದಲ್ಲಿದ್ದ ಮೈದುನ ಅತ್ತಿಗೆಗೆ ಬರೆದವು. ಕಾಗದ ಅಜ್ಜಿಯ ಟ್ರಂಕಿನಲ್ಲಿದೆ ಎಂದ ಮಾತ್ರಕ್ಕೆ ಅಚ್ಚು ಹಾಕುವ ಹಕ್ಕು ಅವರಿಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಾಗದದ ಹಾಳೆ ಪಡೆದವರದು, ಬರಹದ ಹಕ್ಕು ಬರೆದವರದು. ಅವರ ನಂತರ ವಾರಸುದಾರರದು. ಮೈದುನನ ಮಕ್ಕಳಿಬ್ಬರಿಂದ ಬರಹದಲ್ಲೇ ಒಪ್ಪಿಗೆ ಪಡೆದು ಒಂಬತ್ತನ್ನು ಸೇರಿಸಿದರು.

ಪುಸ್ತಕ ಡೆಮಿ ಎಂಟನೇ ಒಂದರ ಅಳತೆಯಲ್ಲಿ 176 ಪುಟ, ಹದಿನಾರು ಪುಟದ ಹನ್ನೊಂದು ಫಾರಂ. ಕರಡನ್ನು ಮಾತ್ರ ಅಜ್ಜಿಗಾಗಿ 16 ಪಾಯಿಂಟಿನಲ್ಲಿ, ಹಾಳೆಯ ಒಂದೇ ಬದಿಗೆ ತೆಗೆದುಕೊಟ್ಟರು. ಲೆಕ್ಕದ ಸಾಲುಗಳು ಪ್ರತಿ ದಿನದ ಮೇಲ್ಗಡೆ ಸಣ್ಣಕ್ಷರದಲ್ಲಿ ಹಾಗೇ ಇವೆ. ಓದುವವರಿಗೆ ಬೇಸರವಾಗುತ್ತದೆ ಎಂದು ಒಬ್ಬರು ಆಕ್ಷೇಪಿಸಿದರು, ಆಗಲಿ.

ಈಗಿನ ಬರವಣಿಗೆ

84ರ ಅಜ್ಜಿ ಹನ್ನೆರಡನೇ ನೋಟ್‌ಬುಕ್ಕಿನಲ್ಲಿದ್ದಾರೆ. ಎರಡೂ ಕಣ್ಣಿಗೆ ಪೊರೆ ತೆಗೆಸಿಯಾಗಿದೆ, ಬಲಗೈ ನಡುಗುತ್ತದೆ. ಬರೆಯುವುದು ರಾತ್ರಿಯಲ್ಲ, ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂಕಾಲು, ಎಡಗಡೆ ಕಿಟಕಿ ಇರುವ ಜಾಗದಲ್ಲಿ. ಹನ್ನೆರಡು ಇಂಚು ಆಳದ ಪ್ಲೈವುಡ್ ಹಲಗೆಯ ಹಿಂಬದಿ ಮೂರಿಂಚು ಎತ್ತರಿಸಿದ್ದರಿಂದ ಕುತ್ತಿಗೆ ಬಾಗುವುದು ಕಡಿಮೆಯಾಗಿದೆ. ಪೆನ್ನಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಪ್ಪ ಮಾಡಲಾಗಿದೆ. ಮಳೆಗಾಲದಲ್ಲಿ ಬಾಲ್‌ಪೆನ್ನು ಮಾತ್ರ; ತೇವ ಹೀರಿದ ಹಾಳೆಯಲ್ಲಿ ಜೆಲ್ ಶಾಯಿ ಒಣಗದೆ ಅಂಗೈಗೆ ಹತ್ತುತ್ತದೆ, ಶಾಯಿಪೆನ್ನಾದರೆ ಹರಡಿಕೊಳ್ಳುತ್ತದೆ.

ಹಳೆಯ ಹನ್ನೊಂದು ಈಗ ರಬ್ಬರ್ ಪಟ್ಟಿಯ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ನೆಲದಿಂದ ಎರಡಡಿ ಮೇಲೆ, ಹೊರಗೋಡೆಗೆ ತಾಗದಂತೆ ಇವೆ. ನುಸಿಗುಳಿಗೆ ಹಾಕಿಲ್ಲ, ಅದು ಹುಳಕ್ಕೆ ಸರಿ, ಬೂಷ್ಟಿಗೆ ಏನೂ ಮಾಡದು, ಮಲಗುವ ಕೋಣೆಯಲ್ಲಿ ಅದರ ಗಾಳಿ ಒಳ್ಳೆಯದಲ್ಲ. ಬದಲಿಗೆ ಬಟ್ಟೆಚೀಲದಲ್ಲಿ ಕಾಲು ಕಿಲೋ ಸಿಲಿಕಾ ಹರಳು, ಕಿತ್ತಳೆ ಬಣ್ಣದ್ದು. ತೇವ ತುಂಬಿದರೆ ಹಸಿರಾಗುತ್ತದೆ. ದಪ್ಪತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಆಡಿಸಿದರೆ ಮತ್ತೆ ಕಿತ್ತಳೆ. ಉರಿ ಜಾಸ್ತಿಯಾದರೆ ಸಿಡಿದು ಒಡೆಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಎರಡು ಸಲ, ಉಳಿದಂತೆ ಎರಡು ತಿಂಗಳಿಗೊಮ್ಮೆ. ಆ ಬಾಣಲೆ ಅಡಿಗೆಗೆ ಬಳಸುವುದಿಲ್ಲ.

ಹರಳು ನೋಡುವ ಕೆಲಸವನ್ನು ಅಜ್ಜಿ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕಳೆದ ಜುಲೈನ ಒಂದು ಪುಟದ ತಲೆಯಲ್ಲಿ ಇರುವುದು: ‘ಮಳೆ 2.08. ಹಾಲು ಅರ್ಧ ಲೀಟರ್. ಹರಳು ಹಸಿರು ತಿರುಗಿದೆ, ನಾಳೆ ಹುರಿಯಬೇಕು.’ ಇಸವಿ ಬರೆದಿಲ್ಲ.